ಎಣ್ಣಿ ಹೊಡೀರಿ ಅಂದಿದ್ದಕ್ಕೆ...

"ಇಲ್ಲಿ ಹಂಪೇಶ್ ಅಂದ್ರ ಯಾರ್ರೀ?!"

ಗೇಟು ದಡಾರನೆ ಗೋಡೆಗೆ ಬಡಿಯಿತು. ಗುಲಾಬಿ ಸಸಿಗಳಿಗೆ ನೀರು ಹಾಕುತ್ತಿದ್ದ ಮುದುಕ ದುರುಗಣ್ಣನ ಕೈಯಿಂದ ಪೈಪು ಜಾರಿ, ಪಕ್ಕದಲ್ಲಿ ನಿಂತವರ ಕಾಲೆಲ್ಲ ಒದ್ದೆ. ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ರಸ್ತೆಯ ಆ ನರ್ಸರಿಯಲ್ಲಿ ಗಿಡ ಆರಿಸುತ್ತಿದ್ದ ಏಳೆಂಟು ಜನ ಒಟ್ಟಿಗೇ ತಿರುಗಿ ನೋಡಿದರು.

ಬಂದವಳು ಗಂಗಾಂಬಿಕಾ. ಇಪ್ಪತ್ತೇಳು ವರ್ಷ. ಸಂಡೂರಿನ ಗಣಿ ಕಂಪನಿಯೊಂದರ ಲ್ಯಾಬಿನಲ್ಲಿ ಅದಿರು ಪರೀಕ್ಷೆ ಮಾಡುವ ಕೆಲಸ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹುಡುಗಿ ಅಂತ ಬಂಧು ಬಳಗದಲ್ಲೆಲ್ಲ ಹೆಸರು. ಇವತ್ತು ಮಾತ್ರ ಸಿಟ್ಟು ಮೈತುಂಬ ಇತ್ತು. ಜಡೆ ಬಿಚ್ಚಿ ಹೋಗಿದೆ. ಒಂದು ಕಾಲಲ್ಲಿ ಅವಳ ಚಪ್ಪಲಿ, ಇನ್ನೊಂದರಲ್ಲಿ ಅಜ್ಜಿಯದು. ಕೈಯಲ್ಲಿ ಒಂದು ಸ್ಪ್ರೇ ಬಾಟಲಿ.

ಹಸಿರು ನೆರಳು ಬಲೆಯ ಹಿಂದಿನಿಂದ ಮಣ್ಣು ಕೈಯಲ್ಲೇ ಒಬ್ಬ ಎದ್ದು ಬಂದ. ಎತ್ತರದ ಆಳು, ಮೂವತ್ತರ ಆಸುಪಾಸು.

"ನಾನೇ ರೀ ಹಂಪೇಶ್. ಏನಾಗಬೇಕಿತ್ತು?"

"ಏನಾಗಬೇಕಿತ್ತಾ? ಆಗಬಾರದ್ದು ಆಗೈತಿ! ಇದರ ಹೆಸರು ಹೇಳ್ರಿ ಜಲ್ದಿ! ನನ್ನ ಬೆಕ್ಕು ಸಾಯಾಕತ್ತೈತಿ!"

ಬಾಟಲಿಯನ್ನು ಅವನ ಎದೆಗೆ ತಾಗುವಂತೆ ಹಿಡಿದಳು.

"ಬೆಳಿಗ್ಗೆ ಏಳಕ್ಕ ನಮ್ಮಜ್ಜಿ ಗಿಡಕ್ಕ ಇದನ್ನ ಹೊಡದಾಳ. ನರ್ಸರಿ ಹಂಪೇಶ ಹೇಳಿದ್ದು ಅಂತಾಳ. ಬೆಕ್ಕು ಆ ಗಿಡದ ಬುಡಕ್ಕ ಮಲಗಿ, ಎದ್ದು ಮೈ ನೆಕ್ಕೈತಿ. ಒಂಬತ್ತಕ್ಕ ಬಾಯಿಂದ ಜೊಲ್ಲು, ಮೈಯೆಲ್ಲ ನಡುಕ! ಡಾಕ್ಟರು ಏನು ಹೊಡದೀರಿ ಅಂತ ಕೇಳಾಕತ್ತಾರ. ಬಾಟ್ಲಿ ಮ್ಯಾಲ ಹೆಸರಿಲ್ಲ, ಚೀಟಿ ಇಲ್ಲ! ಏನ್ ಕೊಟ್ರಿ ನಮ್ಮಜ್ಜಿಗೆ?"

"ನಾ ಏನೂ ಕೊಟ್ಟಿಲ್ರಿ! ದಾಸವಾಳಕ್ಕ ಹಿಟ್ಟು ತಿಗಣಿ ಹತ್ತೈತಿ ಅಂದ್ರು, ಬೇವಿನೆಣ್ಣಿ ಹೊಡೀರಿ ಅಂದೆ. ನನ್ನ ಹತ್ರ ಖಾಲಿ ಇತ್ತು..."

"ಬೇವಿನೆಣ್ಣಿ? ಇದು ಬೇವಿನೆಣ್ಣೀನಾ? ಮೂಗೈತೇನ್ರಿ ನಿಮಗ?"

ಹಂಪೇಶ್ ಬಾಟಲಿ ತೆಗೆದುಕೊಂಡು ಮೂಗಿನ ಹತ್ತಿರ ತಂದ. ಅಷ್ಟೇ! ಅವನ ಮುಖದ ಬಣ್ಣವೇ ಬದಲಾಯಿತು.

"ಅಯ್ಯೋ... ಇದು ಗದ್ದಿಗೆ ಹೊಡಿಯೋದು! ಭತ್ತದ ಹುಳಕ್ಕ ಹೊಡಿತಾರಲ್ಲ, ಅದು! ಯಾವ ಡಾಕ್ಟರ್ ಹತ್ರ ಐತಿ ಬೆಕ್ಕು? ನಂಬರ್ ಹೇಳ್ರಿ!"

ಅವಳ ಬಾಯಿಂದ ನಂಬರು ಹೊರಬೀಳುವಷ್ಟರಲ್ಲಿ ಅವನು ಫೋನು ಕಿವಿಗಿಟ್ಟಿದ್ದ. "ಡಾಕ್ಟ್ರೇ, ಭತ್ತದ ಗದ್ದೆ ಕೀಟನಾಶಕ. ವಾಸನೆ ಮೇಲೆ ಹೇಳ್ತಿದ್ದೀನಿ. ಹೌದು, ಆರ್ಗನೋಫಾಸ್ಫೇಟ್ ಇರಬೇಕು. ಬಾಟ್ಲಿ ತಗೊಂಡೇ ಬರ್ತೀವಿ." ಫೋನಿಟ್ಟವನೇ ಬೈಕಿನ ಕಿಕ್ಕರ್ ಒದ್ದ.

"ಕುಂದ್ರಿ."

"ನಿಮ್ಮ ಬೈಕ್ ಮ್ಯಾಲ ನಾ ಕುಂದ್ರೂದಿಲ್ಲ!"

"ಬೈಯೋದಿದ್ರ ದಾರ್‍ಯಾಗ ಬೈರಿ. ಕುಂದ್ರಿ ಮೊದ್ಲು!"

ಕುಳಿತಳು. ದಾರಿಯುದ್ದಕ್ಕೂ ಬೈದಳು.

ಕ್ಲಿನಿಕ್ಕಿನಲ್ಲಿ ಡಾ. ಸೌಜನ್ಯ ಆಗಲೇ ಇಂಜೆಕ್ಷನ್ ಕೊಟ್ಟಿದ್ದರು. ಮೇಜಿನ ಮೇಲೆ ಬಿಳಿ ಬೆಕ್ಕು ಚಿಂದಿ ಬಟ್ಟೆಯ ಹಾಗೆ ಬಿದ್ದಿತ್ತು. ಎರಡು ವರ್ಷದ ಹಿಂದೆ ಸಂಡೂರು ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ ಚೀಲದ ಮೇಲೆ ಸಿಕ್ಕ ಮರಿ. ಅದಕ್ಕೇ ಮಂಡಕ್ಕಿ ಅಂತ ಹೆಸರು.

"ತುಪ್ಪಳಕ್ಕೆ ಇನ್ನೂ ವಿಷ ಅಂಟಿದೆ. ಪಾತ್ರೆ ತೊಳೆಯೋ ಸೋಪಿನ ನೀರಲ್ಲಿ ಮೈ ತೊಳೀಬೇಕು. ಇನ್ನೊಂದು ಸಲ ನೆಕ್ಕಿದರೆ ಉಳಿಯಲ್ಲ," ಎಂದರು ಡಾಕ್ಟರು.

ಗಂಗಾ ಬಾಗಿಲಲ್ಲೇ ನಿಂತುಬಿಟ್ಟಳು. ಹಂಪೇಶ್ ಕೇಳಲೂ ಇಲ್ಲ, ಕಾಯಲೂ ಇಲ್ಲ. ಕೈಗವಸು ಹಾಕಿಕೊಂಡು ಬೆಚ್ಚಗಿನ ನೀರಿನಲ್ಲಿ ಬೆಕ್ಕಿನ ಕಿವಿಯ ಹಿಂದೆ, ಹೊಟ್ಟೆಯ ಕೆಳಗೆ, ಒಂದೊಂದು ಪಾದದ ಸಂದಿನಲ್ಲೂ ತೊಳೆದ. ಅರೆಪ್ರಜ್ಞೆಯಲ್ಲೇ ಮಂಡಕ್ಕಿ ಅವನ ಮೊಣಕೈ ಪರಚಿತು. ರಕ್ತ ಬಂದರೂ ಅವನ ಕೈ ನಿಧಾನವಾಗಿಯೇ ಇತ್ತು.

'ಪಾಪಿ! ವಿಷ ಕೊಡೋದೂ ಇವನೇ, ತೊಳಿಯೋದೂ ಇವನೇ!' ಅಂದುಕೊಂಡಳು ಗಂಗಾ. ಆದರೂ ಆ ಕೈಯಿಂದ ಕಣ್ಣು ಕೀಳಲಿಲ್ಲ. ಅದಕ್ಕೂ ಸಿಟ್ಟು ಬಂತು.

"ಮೂರು ದಿನ ಇಲ್ಲೇ ಇರಲಿ. ಉಳಿಯುತ್ತೆ ಅಂತ ನಾನು ಮಾತು ಕೊಡಲ್ಲ," ಎಂದರು ಡಾಕ್ಟರು.

*

ಆ ಮಧ್ಯಾಹ್ನ ಗಂಗಾ ಮಾಡಬಾರದ ಕೆಲಸವೊಂದನ್ನು ಮಾಡಿದಳು. ನೆತ್ತಿಗೆ ಸಿಟ್ಟೇರಿ, ಕೈಯಲ್ಲಿ ಮೊಬೈಲ್ ಇದ್ದರೆ ಜನ ಏನು ಮಾಡುತ್ತಾರೋ ಅದನ್ನೇ!

ಮಂಡಕ್ಕಿ ಮಲಗುವ ಬುಟ್ಟಿಯನ್ನು ಖಾಲಿಯಾಗಿ ಮುಂದಿಟ್ಟುಕೊಂಡು ವಿಡಿಯೋ ಮಾಡಿದಳು. "ಕಮಲಾಪುರ ರಸ್ತೆ ಹಂಪೇಶನ ನರ್ಸರಿಗೆ ಯಾರೂ ಕಾಲಿಡಬ್ಯಾಡ್ರಿ. ಮನಿ ಗಿಡಕ್ಕ ಗದ್ದಿ ವಿಷ ಕೊಡ್ತಾನ. ಮುದುಕರು ಅಂತ ನೋಡಲ್ಲ, ಸಾಕಿದ ಜೀವ ಅಂತ ನೋಡಲ್ಲ. ಇವತ್ತು ನನ್ನ ಬೆಕ್ಕು, ನಾಳೆ ನಿಮ್ಮನಿ ಕೂಸು!"

ಅಡುಗೆಮನೆಯ ಬಾಗಿಲಲ್ಲಿ ರೊಟ್ಟಿ ಹಿಟ್ಟಿನ ಕೈಯಲ್ಲಿ ನಿಂತಿದ್ದಳು ಅಜ್ಜಿ ಸಂಗಮ್ಮ. ಕಂಪ್ಲಿಯ ಅಕ್ಕಿ ಗಿರಣಿ ಮನೆಯ ಹಿರಿಯಳು. ಮೊಮ್ಮಗಳು ಕೆಲಸಕ್ಕೆಂದು ಹೊಸಪೇಟೆಯಲ್ಲಿ ಒಬ್ಬಳೇ ಇರುವುದು ಬೇಡವೆಂದು ಬಂದು ಜೊತೆಗಿದ್ದವಳು.

"ಗಂಗಾ... ಅಷ್ಟು ಬಿರುಸ್ಯಾಕವ್ವಾ? ಪಾಪ, ಆ ಹುಡುಗ..."

"ಪಾಪಾನಾ? ನೀ ಸುಮ್ನಿರಜ್ಜಿ! ನಿನ್ನ ಕೈಲೇ ವಿಷ ಹೊಡಿಸ್ಯಾನ ಅವ! ಇದಕ್ಕ ಯಾರು ಕಾರಣ ಅದಾರೋ ಅವರ ಮಾರಿ ನಾ ಜನ್ಮದಾಗ ನೋಡೂದಿಲ್ಲ!"

ಸಂಗಮ್ಮ ಒಲೆಯ ಮುಂದಕ್ಕೆ ಹಿಂತಿರುಗಿದಳು. ಆ ದಿನ ರೊಟ್ಟಿ ಒಂದೂ ನೆಟ್ಟಗೆ ಬೇಯಲಿಲ್ಲ.

ಸಂಜೆಯ ಹೊತ್ತಿಗೆ ವಿಡಿಯೋ ಹೊಸಪೇಟೆ ದಾಟಿ ಸಂಡೂರು, ಕಂಪ್ಲಿ, ಹಂಪಿಯ ಗೆಸ್ಟ್‌ಹೌಸಿನವರ ಗುಂಪಿಗೂ ಹೋಗಿತ್ತು.

*

ಸೋಮವಾರ ಗಂಗಾ ಸಂಡೂರು ಬಸ್ಸಿಳಿದು ನೇರ ಕ್ಲಿನಿಕ್ಕಿಗೆ ಬಂದರೆ, ಪಂಜರದ ಮುಂದೆ ಹಂಪೇಶ್!

"ಮಂಡಕ್ಕಿ ಇವತ್ತು ಕಣ್ಣು ಬಿಟ್ಟೈತಿ," ಎಂದ ತಿರುಗದೆಯೇ.

"ನೀವ್ಯಾಕ್ರಿ ಬಂದ್ರಿ ಇಲ್ಲಿಗೆ?"

ಈಗ ತಿರುಗಿದ. ಕಣ್ಣು ಕೆಂಡದಂತಾಗಿತ್ತು. "ಬೆಕ್ಕು ನೋಡಾಕ ಬಂದೀನಿ. ನಿಮ್ಮನ್ನ ನೋಡಾಕ ಅಲ್ಲ. ವಿಡಿಯೋದಾಗ ನೋಡಿದ್ದs ಸಾಕಾಗೈತಿ!"

"ಇದ್ದದ್ದು ಹೇಳೀನಿ!"

"ಇದ್ದದ್ದಾ? ಇವತ್ತು ಬೆಳಿಗ್ಗೆಯಿಂದ ನನ್ನ ಗೇಟಿನೊಳಗ ಒಂದು ನರಪಿಳ್ಳೆ ಬಂದಿಲ್ಲ. ಬಂದವರು ಗೇಟಿಗೆ ಉಗುಳಿ ಹೋಗ್ಯಾರ. ದುರುಗಣ್ಣ ಒರೆಸ್ಯಾನ, ಎಪ್ಪತ್ತು ವರ್ಷದವ. ನನ್ನ ನರ್ಸರ್‍ಯಾಗ ಅಂಥ ವಿಷ ಒಂದು ಹನಿ ಇಟ್ಟಿಲ್ಲ. ಬಂದು ಹುಡುಕಿದ್ರೇನು? ಕೇಳಿದ್ರೇನು?"

"ಹಂಗಾದ್ರ ನಮ್ಮಜ್ಜಿ ಸುಳ್ಳು ಹೇಳ್ತಾಳಾ?"

"ನಾ ಹಂಗ ಅಂದಿಲ್ಲ!"

"ಮತ್ತ ಹೆಂಗಂದ್ರಿ?"

ಡಾ. ಸೌಜನ್ಯ ಒಳಗಿನಿಂದ ಬಂದು ಇಬ್ಬರನ್ನೂ ನೋಡಿದರು. "ಜಗಳ ಆಡೋದಾದರೆ ರಸ್ತೆಗೆ ಹೋಗಿ ಆಡಿ. ಇಲ್ಲಿ ಪೇಷಂಟ್ ಇದೆ."

ಇಬ್ಬರೂ ರಸ್ತೆಗೆ ಹೋದರು. ಆಡಿದರು!

ಆದರೆ ಮಂಗಳವಾರ ಸಂಜೆ? ಅದೇ ಹಂಪೇಶ್, ಅದೇ ಪಂಜರ. ಗಂಗಾ ಎಷ್ಟು ಬೈದರೂ ಒಂದು ಮಾತಿಲ್ಲ. "ಮೋಸಗಾರ" ಅಂದಳು, ಸುಮ್ಮನಿದ್ದ. "ತಪ್ಪು ಒಪ್ಪಿಕೊಳ್ಳಾಕ ಧೈರ್ಯ ಇಲ್ಲೇನು?" ಅಂದಳು. ಅವನು ಅವಳ ಮುಖ ನೋಡಿ, ಏನೋ ನುಂಗಿಕೊಂಡು, ಬೈಕು ಹತ್ತಿ ಹೊರಟೇಬಿಟ್ಟ.

ಗಂಗಾ ರಸ್ತೆಯಲ್ಲಿ ಒಬ್ಬಳೇ ನಿಂತಳು. ಗೆದ್ದ ಖುಷಿ ಬರಬೇಕಿತ್ತು. ಬರಲಿಲ್ಲ.

'ಯಾಕ ಸುಮ್ನಾದ? ನಿನ್ನೆ ಹುಲಿಯಂಗ ಎಗರಿದವ ಇವತ್ತು ಯಾಕ ತುಟಿ ಬಿಚ್ಚಲಿಲ್ಲ?'

*

ಬುಧವಾರ ಬೆಳಿಗ್ಗೆ ಉತ್ತರ ಸಿಕ್ಕಿತು. ಅಜ್ಜಿ ಸ್ನಾನಕ್ಕೆ ಹೋಗಿದ್ದಾಗ ಅವಳ ಫೋನು ರಿಂಗಾಯಿತು. ಕಂಪ್ಲಿಯಲ್ಲಿ ಇವರ ಗದ್ದೆ ನೋಡಿಕೊಳ್ಳುವ ಉಚ್ಚೆಂಗಪ್ಪ. ಗಂಗಾ ಎತ್ತಿಕೊಂಡಳು.

"ಅಮ್ಮಾರೇ, ಮೊನ್ನೆ ಬಸ್ಸಿಗೆ ಕೊಟ್ಟು ಕಳಿಸಿದ್ದೆನಲ್ರೀ ಎಣ್ಣಿ, ಸಾಕಾತೇನ್ರಿ? ಡಬ್ಬಿ ದೊಡ್ಡದಿತ್ತಂತ ನೀರಿನ ಬಾಟ್ಲಿಗೆ ಬಗ್ಗಿಸಿ ಕೊಟ್ಟಿದ್ದೆ. ಇನ್ನೊಂದೀಟು ಕಳಿಸ್ಲ್ಯಾ?"

ಗಂಗಾಳ ಕಿವಿ ಗುಂಯ್ ಎಂದಿತು.

ಎಣ್ಣಿ!

ಅವಳು ಹುಟ್ಟಿ ಬೆಳೆದದ್ದು ಭತ್ತದ ಗದ್ದೆಗಳ ನಡುವೆ. ಕಂಪ್ಲಿಯಲ್ಲಿ 'ಎಣ್ಣಿ ಹೊಡಿಯಾಕ ಹೋಗೀವಿ' ಅಂದರೆ ಬೆನ್ನಿಗೆ ಪಂಪು ಕಟ್ಟಿಕೊಂಡು ಗದ್ದೆಗೆ ಕೀಟನಾಶಕ ಹೊಡೆಯಲು ಹೋಗಿದ್ದಾರೆ ಅಂತಲೇ ಅರ್ಥ. ಅಲ್ಲಿ ಆ ಮಾತಿಗೆ ಇನ್ನೊಂದು ಅರ್ಥವೇ ಇಲ್ಲ.

ಸಂಗಮ್ಮ ಬಾಗಿಲಲ್ಲಿ ನಿಂತಿದ್ದಳು. ಮೊಮ್ಮಗಳ ಕೈಯಲ್ಲಿ ಫೋನು ನೋಡಿದ್ದೇ ತಡ, ಅಲ್ಲೇ ಹೊಸ್ತಿಲ ಮೇಲೆ ಕುಸಿದು ಕುಳಿತಳು.

"ಅವ ಎಣ್ಣಿ ಹೊಡೀರಿ ಅಂದ ಗಂಗಾ. ಎಣ್ಣಿ ಅಂದ್ರ ಎಣ್ಣೀನs ಅಲ್ಲೇನವ್ವಾ? ನಲವತ್ತು ವರ್ಷ ಆಳುಗಳ ಮುಂದ ನಿಂತು ಗದ್ದಿಗೆ ಎಣ್ಣಿ ಹೊಡಿಸೀನಿ. ಬೇವಿಂದು ಅಂತ ನನಗೇನು ಗೊತ್ತು? ಉಚ್ಚೆಂಗಪ್ಪಗ ಫೋನ್ ಮಾಡಿ ತರಿಸಿದೆ..."

"ಮತ್ತ ಆವತ್ತs ಯಾಕ ಹೇಳ್ಲಿಲ್ಲಜ್ಜಿ?!"

"ಮಾರಿ ನೋಡೂದಿಲ್ಲ ಅಂದೆಲ್ಲ..." ಮುದುಕಿ ಸೆರಗು ಬಾಯಿಗೊತ್ತಿಕೊಂಡಳು. "ನಿನ್ನೆ ಮಧ್ಯಾಹ್ನ ಆ ಹುಡುಗನ ಹತ್ರ ಹೋಗಿ ಎಲ್ಲಾ ಹೇಳಿದೆ. ಬೆಕ್ಕು ಮನಿಗೆ ಬರೋತನ ಗಂಗಾಗ ಹೇಳಬ್ಯಾಡಪ್ಪ, ಆಮ್ಯಾಲ ನಾನs ಹೇಳ್ತೀನಿ ಅಂತ ಕೈ ಮುಗಿದೆ. ಹೂಂ ಅಂದ."

ಗಂಗಾ ಅಜ್ಜಿಯನ್ನು ಎದೆಗೆ ಅವುಚಿಕೊಂಡಳು. ಬೈಯಲು ಬಾಯಿ ಬರಲಿಲ್ಲ. ಬೈಗುಳವನ್ನೆಲ್ಲ ಇನ್ನೊಬ್ಬರ ಮೇಲೆ ಖರ್ಚು ಮಾಡಿ ಮುಗಿಸಿದ್ದಳಲ್ಲ!

*

ನರ್ಸರಿಯ ಗೇಟನ್ನು ಈ ಸಲ ಮೆಲ್ಲಗೆ ತೆರೆದಳು. ಒಳಗೆ ಹಂಪೇಶ್ ಒಬ್ಬನೇ. ಗಿಡಗಳ ಸಾಲು ಸಾಲು, ಕೊಳ್ಳುವವರು ಒಬ್ಬರೂ ಇಲ್ಲ.

"ತಪ್ಪಾತ್ರಿ," ಎಂದಳು. "ನನಗ ಎಲ್ಲಾ ಗೊತ್ತಾತು."

ಅವನು ಕುಂಡಕ್ಕೆ ಮಣ್ಣು ತುಂಬುತ್ತಲೇ ಇದ್ದ. "ಆತು. ಹೋಗ್ರಿ."

"ಹೋಗ್ರಿ ಅಂದ್ರ? ಕ್ಷಮಾ ಕೇಳಾಕ ಬಂದೀನಿ ನಾನು!"

"ಕೇಳಿದ್ರೆಲ್ಲ. ಇನ್ನೇನು? ವಿಡಿಯೋ ನಿಮ್ಮಪ್ಪನ ಗಿರಣಿ ಊರಿನತನ ಹೋಗೈತಿ. ಕ್ಷಮಾ ಈ ಗೇಟಿನತನ ಬಂದೈತಿ!" ಮಣ್ಣು ಕೆದಕುವ ಕುರ್ಪಿ ಎಸೆದು ಎದ್ದ. "ದಿನಾ ಲ್ಯಾಬಿನ್ಯಾಗ ಕಲ್ಲು ಮಣ್ಣು ಪರೀಕ್ಷಾ ಮಾಡ್ತೀರಂತ. ಒಂದು ಕಲ್ಲಿನ ಬಗ್ಗೆ ಬಾಯಿಗೆ ಬಂದದ್ದು ಬರೀತೀರೇನು? ಇಲ್ಲಲ್ಲ? ಮತ್ತ ಮನುಷ್ಯಾಗ ಅಷ್ಟೂ ಬ್ಯಾಡೇನ್ರಿ? ಒಂದು ಮಾತು ಕೇಳ್ಲಿಲ್ಲ ನೀವು. ಒಂದs ಒಂದು ಮಾತು!"

ಗಂಗಾಳ ಕಣ್ಣು ತುಂಬಿತು. ತುಂಬಿದ ಕಣ್ಣಲ್ಲೇ ಸಿಟ್ಟೂ ಏರಿತು.

"ನೀವೇನ್ ಕಡಿಮೀನಾ? ನಿನ್ನೆ ಎಲ್ಲಾ ಗೊತ್ತಿತ್ತು ನಿಮಗ! ಗೊತ್ತಿದ್ದೂ ನಿಂತು ಬೈಸಿಕೊಂಡ್ರಿ! ನಾ ಎಷ್ಟು ಕೆಟ್ಟಕಿ ಆಗ್ತೀನಿ ಅಂತ ನೋಡ್ಕೊಂತ ನಿಂತಿದ್ರೇನು? ನಿಮ್ಮಜ್ಜಿನ ಕೇಳು ಹೋಗು ಅಂತ ಒಂದು ಮಾತು ಅನ್ನಾಕ ಆಗ್ಲಿಲ್ಲ?"

"ಮುದುಕಿಗೆ ಮಾತು ಕೊಟ್ಟಿದ್ದೆ!"

"ನನಗ್ಯಾರು ಮಾತು ಕೊಡ್ತಾರ? ಈಗ ನನ್ನ ಮಾರಿ ನಾ ಹೆಂಗ ನೋಡ್ಕೊಳ್ಳಲಿ?"

ಹಂಪೇಶ್ ಎಸೆದಿದ್ದ ಕುರ್ಪಿಯನ್ನು ಎತ್ತಿ ಕುಂಡದ ಪಕ್ಕ ಇಟ್ಟ.

"ನನ್ನದೂ ತಪ್ಪೈತ್ರಿ. ಮೂರು ದಿನ ಯೋಚನಿ ಮಾಡೀನಿ. ಆವತ್ತು ಅಂಗಡಿ ತುಂಬ ಜನ ಇದ್ರು. ಅಜ್ಜಿಗೆ ನಾ ಬರೇ ಎಣ್ಣಿ ಹೊಡೀರಿ ಅಂದೀನಿ. 'ಬೇವಿನ' ಅನ್ನೋ ಮೂರಕ್ಷರ ಬಾಯಿಗೆ ಬಂದಿಲ್ಲ. ಮನ್ಯಾಗ ಬೆಕ್ಕು ನಾಯಿ ಏನರ ಅದಾವೇನು ಅಂತನೂ ಕೇಳಿಲ್ಲ. ಗಿಡ ಮಾರೋನು ಕೇಳಬೇಕಿತ್ತು." ಧ್ವನಿ ಮತ್ತೆ ಬಿರುಸಾಯಿತು. "ಹಂಗಂತ ನಿಮ್ಮ ಮ್ಯಾಲಿನ ಸಿಟ್ಟು ಹೋತು ಅಂತ ತಿಳ್ಕೋಬ್ಯಾಡ್ರಿ!"

"ತಿಳ್ಕೊಂಡಿಲ್ಲ!" ಗಂಗಾ ಕಣ್ಣೊರೆಸಿಕೊಂಡು ಮೊಬೈಲ್ ತೆಗೆದು ಅವನ ಕೈಗಿಟ್ಟಳು. "ಹಿಡೀರಿ ಇದನ್ನ. ಮೊದಲಿನ ವಿಡಿಯೋ ಎಲ್ಲೆಲ್ಲಿ ಹೋಗೈತೋ ಅಲ್ಲೆಲ್ಲ ಇದನ್ನೂ ಕಳಿಸ್ತೀನಿ."

ಖಾಲಿ ನರ್ಸರಿಯ ನಡುವೆ ನಿಂತು ಹೇಳಿದಳು. ತಾನು ಕೇಳದೆ ಬೈದದ್ದು, ಗದ್ದೆಯ ಎಣ್ಣಿಗೂ ಬೇವಿನ ಎಣ್ಣಿಗೂ ಆದ ಗೊಂದಲ, ಗದ್ದೆಯ ಔಷಧಿ ನೀರಿನ ಬಾಟಲಿಗೆ ಬಗ್ಗಿಸಿ ಮನೆಗೆ ತಂದದ್ದು... ಒಂದನ್ನೂ ಬಿಡಲಿಲ್ಲ. ಅಜ್ಜಿಯ ಹೆಸರು ಮಾತ್ರ ಎತ್ತಲಿಲ್ಲ. "ನಮ್ಮ ಮನಿಯ ತಪ್ಪು, ನನ್ನ ತಪ್ಪು. ಮನಿ ಗಿಡಕ್ಕ ಹುಳ ಬಿದ್ರ ಗದ್ದಿ ಔಷಧ ಮುಟ್ಟಬ್ಯಾಡ್ರಿ. ಲೀಟರ್ ನೀರಿಗೆ ಒಂದು ಚಮಚ ಬೇವಿನ ಎಣ್ಣಿ, ಅದಕ್ಕ ಸೋಪು ಮೂರು ಚಮಚ..."

"ಮೂರು ಹನಿ!" ಕ್ಯಾಮೆರಾ ಹಿಂದಿನಿಂದ ಗದರಿದ ಹಂಪೇಶ್. "ಮೂರು ಚಮಚ ಹಾಕಿದ್ರ ಗಿಡ ಸುಟ್ಟು ಹೋಗತೈತಿ! ಈಗ ಇನ್ನೊಂದು ವಿಡಿಯೋ ಮಾಡಿ ಕ್ಷಮಾ ಕೇಳ್ತೀರೇನು?"

"ಮೂರು ಹನಿ!" ಎಂದಳು ಹಲ್ಲು ಕಚ್ಚಿ. ಆ ಗದರಿಕೆಯನ್ನೂ ಕತ್ತರಿಸದೆ ಹಾಗೇ ಕಳಿಸಿದಳು.

*

ಮಂಡಕ್ಕಿ ಮನೆಗೆ ಬಂತು. ನರ್ಸರಿಗೆ ಜನವೂ ಒಬ್ಬೊಬ್ಬರಾಗಿ ಬಂದರು. ಹಂಪೇಶನ ಸಿಟ್ಟು ಮಾತ್ರ ಹೋಗಲಿಲ್ಲ.

"ಬಾರಪ್ಪಾ, ನಮ್ಮ ಗಿಡ ನೀನs ನೋಡು," ಅಂತ ಸಂಗಮ್ಮ ಕರೆದಿದ್ದಕ್ಕೆ ಭಾನುವಾರ ಬಂದ. ಬಾಲ್ಕನಿಯ ಇಪ್ಪತ್ಮೂರು ಕುಂಡಗಳನ್ನೂ ಸೋಪಿನ ನೀರಲ್ಲಿ ತೊಳೆಸಿದ. ಹುಳ ಹತ್ತಿದ ದಾಸವಾಳವನ್ನು ಬೇರೆ ಮೂಲೆಗಿಟ್ಟ. ಬಿಳಿ ಹತ್ತಿಯಂತೆ ಟೊಂಗೆಗೆ ಅಂಟಿದ ತಿಗಣೆಗಳನ್ನು ಸ್ಪಿರಿಟ್ಟಿನ ಹತ್ತಿಯಿಂದ ಒಂದೊಂದಾಗಿ ಒರೆಸಿ ತೆಗೆದ. ಬೇವಿನೆಣ್ಣೆ ಹೊಡೆದ ದಿನ ಎಲೆ ಪೂರ್ತಿ ಒಣಗುವ ತನಕ ಬೆಕ್ಕನ್ನು ಒಳಕೋಣೆಯಲ್ಲಿ ಕೂಡಿಹಾಕಿಸಿದ. ಮೂಲೆಯಲ್ಲಿ ಹೂಬಿಟ್ಟಿದ್ದ ಲಿಲ್ಲಿ ಕಂಡಾಗ ಮಾತ್ರ ಸಿಡಿದ.

"ಬೆಕ್ಕಿರೋ ಮನ್ಯಾಗ ಇದನ್ನ ಇಟ್ಟೀರಾ? ಇದರ ಎಲೆ ತಿಂದ್ರೂ ಮಂಡಕ್ಕಿ ಉಳಿಯೂದಿಲ್ಲ! ನಾ ಒಯ್ತೀನಿ."

"ಒಯ್ರಿ! ಬೈಯೂದ್ಯಾಕ?"

ಹೀಗೆ ಐದು ಭಾನುವಾರ. ಗಿಡದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಚಹಾ ಕೊಟ್ಟರೆ ಅಜ್ಜಿಗೆ "ಛಲೋ ಆಗೈತ್ರಿ ಅಮ್ಮಾ" ಅಂತಾನೆ, ಮಾಡಿದವಳು ಗಂಗಾ ಅಂತ ಗೊತ್ತಿದ್ದೂ! ಹೊಟ್ಟೆ ಉರಿಯುತ್ತಿತ್ತು ಅವಳಿಗೆ. ಶನಿವಾರವೇ ತಲೆಗೆ ಎರೆದುಕೊಳ್ಳುವುದು, ಭಾನುವಾರ ಬೆಳಿಗ್ಗೆ ಮೂರು ಸಲ ಬಾಲ್ಕನಿಗೆ ಬಂದು ರಸ್ತೆ ನೋಡುವುದು, ಬೈಕಿನ ಸದ್ದು ಕೇಳಿದೊಡನೆ ಒಳಗೆ ಓಡುವುದು. 'ನಾಚಿಕಿ ಇಲ್ಲೇನು ನಿನಗ? ಅವ ನಿನ್ನ ಮಾರೀನೂ ನೋಡೂದಿಲ್ಲ!' ಅಂತ ತನಗೆ ತಾನೇ ಬೈದುಕೊಳ್ಳುವುದು. ಪ್ರೀತಿಯಾಗಿಬಿಟ್ಟಿತ್ತು. ಹೇಳುವುದು ಯಾವ ಬಾಯಿಂದ? ಊರಿಗೆಲ್ಲ ಅವನನ್ನು ವಿಷಗಾರ ಅಂತ ಸಾರಿದ್ದು ಇದೇ ಬಾಯಲ್ಲವೇ? ಒಮ್ಮೆ ಹಾಗೆ ಅಂದವಳನ್ನು ಅವನು ಯಾವತ್ತಾದರೂ ನಂಬಿಯಾನೇ?

ಆರನೇ ಭಾನುವಾರ ಅವಳು ಸಂತೆಗೆ ಹೋಗಿ ತರಕಾರಿ ಚೀಲ ಹೊತ್ತು ಮೆಟ್ಟಿಲು ಹತ್ತಿದಳು. ಬಾಗಿಲು ತಳ್ಳಿದವಳು ಹಾಗೇ ಕಲ್ಲಾದಳು.

ಬಾಲ್ಕನಿಯ ಹೊಸ್ತಿಲಲ್ಲಿ ಮಂಡಕ್ಕಿ ಬೆನ್ನು ಬಿಲ್ಲಿನಂತೆ ಬಾಗಿಸಿ ಓಕರಿಸುತ್ತಿತ್ತು. ಬಾಯಲ್ಲಿ ನೊರೆ! ಎರಡು ಮಾರು ಆಚೆ ಹಂಪೇಶ್. ಅವನ ಕೈಯಲ್ಲಿ ಸ್ಪ್ರೇ ಬಾಟಲಿ!

ಆ ಭಾನುವಾರದ ಜೊಲ್ಲು, ನಡುಕ, ಡಾಕ್ಟರ ಮೇಜು... ಎಲ್ಲ ಒಟ್ಟಿಗೇ ನುಗ್ಗಿ ಬಂತು. ಪಿತ್ತ ನೆತ್ತಿಗೇರಿತು. ನಾಲಿಗೆಯ ತುದಿಗೆ ಬೈಗುಳ ಬಂದೇಬಿಟ್ಟಿತ್ತು.

ಹಂಪೇಶ್ ಅವಳನ್ನೇ ನೋಡುತ್ತಿದ್ದ. ಏಟು ಬೀಳುತ್ತದೆಂದು ಗೊತ್ತಿರುವವನಂತೆ ದವಡೆ ಬಿಗಿ ಹಿಡಿದಿದ್ದ.

ಗಂಗಾ ಚೀಲ ಕೆಳಗಿಟ್ಟಳು. ಹಲ್ಲು ಕಚ್ಚಿದಳು.

"ಹಂಪೇಶ್... ಏನು ಹೊಡದ್ರಿ? ಹೇಳ್ರಿ. ನೀವೇನು ಹೇಳಿದ್ರೂ ನಾ ನಂಬ್ತೀನಿ."

"ನೀರು," ಎಂದ ಅವನು. "ಬರೇ ನೀರು. ಎಲಿ ಮ್ಯಾಲಿನ ಧೂಳು ತೊಳಿಯಾಕತ್ತಿದ್ದೆ."

"ಹಂಗಾದ್ರ ಇದಕ್ಕೇನಾತು? ಡಾಕ್ಟರ್ ಹತ್ರ ಹೋಗೂಣೇನು? ಬೈಕ್ ತೆಗೀರಿ, ನಾ ಟವೆಲ್ ತರ್ತೀನಿ..."

ಅಷ್ಟರಲ್ಲಿ ಮಂಡಕ್ಕಿ ಕೊನೆಯ ಸಲ ಕೊರಳು ಚಾಚಿ, ಬೆರಳುದ್ದದ ತುಪ್ಪಳದ ಉಂಡೆಯೊಂದನ್ನು ಹೊರಗೆ ಹಾಕಿತು. ನೆಕ್ಕಿ ನೆಕ್ಕಿ ನುಂಗಿದ್ದ ತನ್ನದೇ ಕೂದಲು! ಹಾಕಿ, ಏನೂ ಆಗೇ ಇಲ್ಲವೆಂಬಂತೆ ಬಾಲ ಎತ್ತಿಕೊಂಡು ಒಳಗೆ ಹೋಯಿತು.

ಗಂಗಾ ಗೋಡೆಗೊರಗಿ ಕುಸಿದು ಕುಳಿತಳು. ಹಂಪೇಶ್ ಬಂದು ಎದುರಿಗೆ ನೆಲದ ಮೇಲೆಯೇ ಕುಳಿತ.

"ನೀವು ಕೇಳಿದ್ರಿ," ಎಂದ ಮೆಲ್ಲಗೆ.

"ಕೇಳದs ಇನ್ನೇನ್ ಮಾಡ್ಲಿ? ಒಮ್ಮೆ ಕೇಳದs ಕೆಟ್ಟೀನಲ್ಲ!"

"ಸಿಟ್ಟು ಬಂದಿತ್ತು ನಿಮಗ. ಮಾರಿ ಕೆಂಪಗಾಗಿತ್ತು. ಆದ್ರೂ ಕೇಳಿದ್ರಿ."

"ಈಗಲೂ ಬಂದೈತಿ ಸಿಟ್ಟು!" ಗಂಗಾ ಮುಖ ಎತ್ತಿದಳು. ಇನ್ನು ತಡೆಯಲು ಅವಳಿಂದ ಆಗಲಿಲ್ಲ. "ಐದು ವಾರದಿಂದ ನನ್ನ ಮನಿಗೆ ಬರ್ತೀರಿ, ನನ್ನ ಜೋಡಿ ಮಾತಾಡೂದಿಲ್ಲ. ಗಿಡದ ಹುಳ ಹೋಗಿ ಮೂರು ವಾರ ಆತು, ನಾ ದಿನಾ ಎಲಿ ತಿರುವಿ ನೋಡೀನಿ. ಆದ್ರೂ ಬರಬ್ಯಾಡ್ರಿ ಅನ್ನಾಕ ಬಾಯಿ ಬರವಲ್ದು. ಯಾಕಂದ್ರ ನೀವು ಬರದಿದ್ರ ನನಗ ಭಾನುವಾರ ಬ್ಯಾಡ! ನೀವಂದ್ರ ಇಷ್ಟ ನನಗ. ಭಾಳ ಇಷ್ಟ! ಈಗ ಬೈಯೂದಿದ್ರ ಬೈದು ಹೋಗಿಬಿಡ್ರಿ!"

ಹಂಪೇಶ್ ಸ್ಪ್ರೇ ಬಾಟಲಿಯನ್ನು ಪಕ್ಕಕ್ಕಿಟ್ಟ. ಕೈ ಅಂಗಿಗೆ ಒರೆಸಿಕೊಂಡು, ಆರು ವಾರದಲ್ಲಿ ಮೊದಲ ಸಲ ಅವಳ ಕೈ ಹಿಡಿದ.

"ಹುಳ ಹೋಗಿದ್ದು ನನಗೂ ಗೊತ್ತು ಗಂಗಾ. ಗಿಡದವ ನಾನು. ಸಿಟ್ಟು ತೋರಿಸಾಕs ಬರ್ತೀನಿ, ಅದು ಕಡಿಮಿ ಆದ್ರ ಬರೂದು ಬಿಡೂಣು ಅಂದ್ಕೊಂಡಿದ್ದೆ. ಪ್ರತಿ ಶನಿವಾರ ನೋಡ್ಕೊಂತಿದ್ದೆ, ಸಿಟ್ಟು ಐತೋ ಇಲ್ಲೋ ಅಂತ. ಇಲ್ಲ ಅಂತ ಅನ್ನಿಸಿದ್ರೂ, ಐತಿ ಐತಿ ಅಂತ ನನಗ ನಾನs ಹೇಳ್ಕೊಂಡು ಬೈಕ್ ಹತ್ತತಿದ್ದೆ."

"ಸುಳ್ಳುಗಾರ..."

"ಇವತ್ತು ಮಾತ್ರ ಸಿಟ್ಟು ಖರೇನs ಹೋತು."

ಅಡುಗೆಮನೆಯಿಂದ ಸಂಗಮ್ಮನ ದನಿ ಬಂತು. "ಚಾ ತರ್ಲ್ಯಾ? ಇಲ್ಲಾ ಇನ್ನಾ ಜಗಳ ಐತಾ?"

"ಈಟು ತಡಿಯಜ್ಜಿ!" ಎಂದರು ಇಬ್ಬರೂ ಒಟ್ಟಿಗೇ.

ಗಂಗಾ ಕೈ ಬಿಡಿಸಿಕೊಳ್ಳಲಿಲ್ಲ. ಹಂಪೇಶ್ ಬಾಗಿ, ಅವಳಿಗಷ್ಟೇ ಕೇಳುವಂತೆ ಕೇಳಿದ. "ಕಂಪ್ಲಿಗೆ ಬಂದು ನಿಮ್ಮಪ್ಪಾಜಿನ ಕೇಳ್ತೀನಿ. ಅದಕ್ಕಿಂತ ಮೊದ್ಲು ಒಂದು ಹೇಳು. ನಾಳೆ ಯಾರರ ಬಂದು ನನ್ನ ಬಗ್ಗೆ ಕೆಟ್ಟದ್ದು ಹೇಳಿದ್ರ ಏನ್ ಮಾಡ್ತಿ?"

"ಮೊದ್ಲು ನಿಮ್ಮನ್ನ ಕೇಳ್ತೀನಿ."

"ನಾ ಹೇಳಿದ್ದು ನಂಬ್ತಿ?"

"ನಂಬ್ತೀನಿ."

"ಆಮ್ಯಾಲ?"

ಗಂಗಾ ಅವನ ಭುಜಕ್ಕೆ ಹಣೆ ಆನಿಸಿದಳು.

"ಆಮ್ಯಾಲ ಅವರನ್ನ ಹುಡುಕ್ಕೊಂಡು ಹೋಗಿ ಬೈದು ಬರ್ತೀನಿ!"